ಅಕ್ವೇರಿಯಂನಲ್ಲಿ ಕಂಡ ಆ ಮೀನು ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ವೇರಿಯಂ ನೋಡಿ ಬಂದವರು ನನಗೆ ಫೋಟೊ ಕಳಿಸುತ್ತಾರೆ. ಜೊತೆಗೆ ಒಂದೇ ಸಾಲು: "ಇದು ಯಾವ ಮೀನು?" ಈ ಪ್ರಶ್ನೆ ನನಗೆ ಬಹಳ ಇಷ್ಟ. ಹೆಸರು ಸಿಕ್ಕಿತು ಅಂದರೆ ಆ ಮೀನು ಯಾವ ನದಿಯದು, ಏನು ತಿನ್ನುತ್ತದೆ, ಎಷ್ಟು ದೊಡ್ಡದಾಗುತ್ತದೆ ಎಲ್ಲವೂ ಒಂದೊಂದಾಗಿ ತಿಳಿಯುತ್ತಾ ಹೋಗುತ್ತದೆ. ಜನ ಹೆಚ್ಚಾಗಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಉತ್ತರಗಳಲ್ಲೂ ನಾನು ಒತ್ತಿ ಹೇಳುವುದು ಒಂದೇ ಮಾತು. ಬಣ್ಣವನ್ನು ಕೊನೆಗೆ ನೋಡಿ. ಬಾಯಿ, ರೆಕ್ಕೆ, ಬಾಲ ಮೊದಲು ನೋಡಿ.

ತೊಟ್ಟಿಯ ಮೇಲೆ ಬೋರ್ಡ್ ಇರುತ್ತದಲ್ಲ, ಅದನ್ನು ಓದಿದರೆ ಸಾಕಲ್ವಾ?

ಬೋರ್ಡ್ ಓದಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಮೀನುಗಳನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಬಿಡುತ್ತಿರುತ್ತಾರೆ. ಒಂದು ಸತ್ತರೆ ಬೇರೆ ತಂದು ಹಾಕುತ್ತಾರೆ. ನೀರು ಬದಲಿಸುವುದು, ಗಾಜು ಒರೆಸುವುದು, ಕಾಯಿಲೆ ಬಿದ್ದ ಮೀನನ್ನು ನೋಡಿಕೊಳ್ಳುವುದು, ಇಷ್ಟೆಲ್ಲ ಕೆಲಸದ ನಡುವೆ ಬೋರ್ಡ್ ಬದಲಿಸುವುದು ಹಿಂದೆ ಬೀಳುತ್ತದೆ. ತೊಟ್ಟಿಯಲ್ಲಿ ಐದಾರು ಬಗೆಯ ಮೀನಿದ್ದು, ಬೋರ್ಡಿನಲ್ಲಿ ಎರಡೇ ಹೆಸರು ಇರುವುದೂ ಉಂಟು.

ಎರಡು ವರ್ಷದ ಹಿಂದೆ ಅಕ್ಕನ ಮಗಳನ್ನು ಒಂದು ಊರಿನ ಅಕ್ವೇರಿಯಂಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಆಗ ಎಂಟು ವರ್ಷ. ಒಂದು ದೊಡ್ಡ ತೊಟ್ಟಿಯ ಮುಂದೆ ಜನ ಗುಂಪುಗೂಡಿದ್ದರು. ಬೋರ್ಡಿನಲ್ಲಿ 'ಪಿರಾನ್ಹಾ' ಎಂದಿತ್ತು, ಚೂಪು ಹಲ್ಲಿನಿಂದ ಮಾಂಸ ಕಚ್ಚಿ ತಿನ್ನುವ ಮೀನು. ಒಳಗೆ ತಟ್ಟೆಯ ಹಾಗೆ ಅಗಲವಾದ ಏಳೆಂಟು ಮೀನು. ಎದೆಯ ಹತ್ತಿರ ಕೆಂಪು. ಅಷ್ಟರಲ್ಲಿ ಸಿಬ್ಬಂದಿಯೊಬ್ಬರು ಮೇಲಿನಿಂದ ತಿಂಡಿಯ ಗುಳಿಗೆ ಹಾಕಿದರು. ಒಂದು ಮೀನು ಗಾಜಿನ ಪಕ್ಕಕ್ಕೇ ಬಂದು ಗುಳಿಗೆ ಅಗಿಯತೊಡಗಿತು. ಹುಡುಗಿ ಮೂಗನ್ನು ಗಾಜಿಗೆ ಒತ್ತಿಕೊಂಡು ನೋಡಿದಳು. ಆಮೇಲೆ ಕೂಗಿದಳು, "ಚಿಕ್ಕಮ್ಮ, ಇದಕ್ಕೆ ಅಜ್ಜನ ಹಲ್ಲುಸೆಟ್ ಥರ ಹಲ್ಲಿದೆ!"

ಬಗ್ಗಿ ನೋಡಿದೆ. ಹೌದು, ಚೌಕವಾದ ಚಪ್ಪಟೆ ಹಲ್ಲು, ಸಾಲಾಗಿ. ಪಿರಾನ್ಹಾಗೆ ಅಂಥ ಹಲ್ಲು ಇರುವುದೇ ಇಲ್ಲ. ಅದು ಪಾಕು. ದಕ್ಷಿಣ ಅಮೆರಿಕದ ಮೀನು. ಮಳೆಗಾಲದಲ್ಲಿ ನದಿ ಉಕ್ಕಿ ಕಾಡಿಗೆ ನುಗ್ಗಿದಾಗ, ಮರದಿಂದ ಉದುರುವ ಹಣ್ಣು, ಬೀಜ ತಿಂದು ಬದುಕುತ್ತದೆ. ಗಟ್ಟಿ ಬೀಜ ಒಡೆಯಲು ಆ ಹಲ್ಲು. ಬೋರ್ಡ್ ಓದಿದ ದೊಡ್ಡವರು ಯಾರೂ ಬಾಯಿ ನೋಡಿರಲಿಲ್ಲ. ಮಗು ನೋಡಿತ್ತು.

ಹಾಗಾದರೆ ಪಾಕು ಯಾವುದು, ಪಿರಾನ್ಹಾ ಯಾವುದು ಅಂತ ದೂರದಿಂದ ಹೇಗೆ ಹೇಳುವುದು?

ಕೆಳದವಡೆ ನೋಡಿ. ಪಿರಾನ್ಹಾಗೆ ಅದು ಮುಂದಕ್ಕೆ ಚಾಚಿಕೊಂಡಿರುತ್ತದೆ, ಮುಖ ಗಂಟಿಕ್ಕಿದ ಹಾಗೆ. ಹಲ್ಲು ತ್ರಿಕೋನ, ಗರಗಸದ ಹಾಗೆ ಚೂಪು. ಪಾಕುವಿನ ದವಡೆ ಹಾಗೆ ಮುಂದೆ ಬಂದಿರುವುದಿಲ್ಲ. ಗಾತ್ರವೂ ಸುಳಿವು ಕೊಡುತ್ತದೆ. ಕೆಂಪು ಹೊಟ್ಟೆಯ ಪಿರಾನ್ಹಾ ಸಾಮಾನ್ಯವಾಗಿ ಒಂದು ಅಡಿಯ ಆಸುಪಾಸಿನದು. ಎರಡು ಅಡಿಯ 'ಪಿರಾನ್ಹಾ' ಕಂಡರೆ ಅದು ಪಾಕು ಅಂತಲೇ ಇಟ್ಟುಕೊಳ್ಳಿ. ತೊಂದರೆ ಇರುವುದು ಮರಿಗಳಲ್ಲಿ. ಪಾಕು ಮರಿಗಳ ಬಣ್ಣ ಪಿರಾನ್ಹಾ ಬಣ್ಣವನ್ನೇ ಹೋಲುತ್ತದೆ. ಆಗಲೂ ದವಡೆಯೇ ಗತಿ.

ಈ ಪಾಕು ನಿಮಗೆ ಗೊತ್ತಿರುವ ಮೀನೇ ಇರಬಹುದು. ಮೀನು ಮಾರುಕಟ್ಟೆಯಲ್ಲಿ ರೂಪ್‌ಚಂದ್ ಅಂತ ಮಾರುತ್ತಾರಲ್ಲ, ಅದು ಇದೇ. ಪಾಂಫ್ರೆಟ್ ಹಾಗೆ ಕಾಣುತ್ತದೆ ಅಂತ ಎಷ್ಟೋ ಜನ ತಂದು ಹುರಿದು ತಿಂದಿರುತ್ತಾರೆ. ಅದರ ವೈಜ್ಞಾನಿಕ ಹೆಸರು ಪಿಯರಾಕ್ಟಸ್ ಬ್ರಾಕಿಪೋಮಸ್.

ಗೊತ್ತೇ ಇಲ್ಲದ ಮೀನು ಎದುರಿಗಿದೆ. ಮೊದಲು ಏನು ನೋಡಬೇಕು?

ಬಾಯಿಯಿಂದ ಶುರು ಮಾಡಿ. ಬಾಯಿ ಮೇಲಕ್ಕೆ ತೆರೆದುಕೊಂಡಿದ್ದರೆ ಮೀನು ನೀರಿನ ಮೇಲ್ಮೈಯಲ್ಲಿ ಬೇಟೆಯಾಡುತ್ತದೆ. ಕೆಳಕ್ಕೆ ತಿರುಗಿದ್ದರೆ ತಳದಲ್ಲಿ ಹುಡುಕಿ ತಿನ್ನುತ್ತದೆ. ಮೂತಿಯ ತುದಿಯಲ್ಲಿ ನೇರವಾಗಿದ್ದರೆ ನಡುನೀರಿನದು. ಇಷ್ಟಕ್ಕೇ ಎಷ್ಟೋ ಮೀನು ಲೆಕ್ಕದಿಂದ ಹೊರಗೆ ಹೋಗುತ್ತವೆ.

ಆಮೇಲೆ ಮೀಸೆ ಎಣಿಸಿ. ಕೋಯಿ ಮೀನಿಗೆ ಬಾಯಿಯ ಪಕ್ಕ ಎರಡು ಜೊತೆ ಮೀಸೆ ಇದೆ, ಗೋಲ್ಡ್‌ಫಿಶ್‌ಗೆ ಇಲ್ಲ. ಕಿತ್ತಳೆ ಬಣ್ಣದ ದೊಡ್ಡ ಮೀನು ಕಂಡಾಗ ಇದೊಂದು ಗುರುತು ಸಾಕು. ಮೈಮೇಲೆ ಹುರುಪೆ ಇಲ್ಲದೆ, ಉದ್ದ ಮೀಸೆ ಇದ್ದರೆ ಅದು ಕ್ಯಾಟ್‌ಫಿಶ್ ಗುಂಪಿನದು ಅಂತ ಹೆಚ್ಚುಕಡಿಮೆ ಹೇಳಿಬಿಡಬಹುದು.

ಮೂರನೆಯದು ಬೆನ್ನು. ಇದನ್ನು ನಾನು ಎಲ್ಲರಿಗೂ ಹೇಳಿಕೊಡುತ್ತೇನೆ, ಯಾಕೆಂದರೆ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಇನ್ನೊಂದು ಪುಟ್ಟ ರೆಕ್ಕೆ ಇದೆಯಾ? ಮೂಳೆಯಿಲ್ಲದ, ಮಾಂಸದ ಚೂರಿನಂಥದ್ದು. ಕೊಬ್ಬಿನ ರೆಕ್ಕೆ ಅನ್ನುತ್ತಾರೆ. ಪಾಕು, ಪಿರಾನ್ಹಾ, ಟೆಟ್ರಾಗಳ ಗುಂಪಿನಲ್ಲಿ ಬಹುಪಾಲು ಮೀನಿಗೆ ಇದೆ. ಅನೇಕ ಕ್ಯಾಟ್‌ಫಿಶ್‌ಗಳಿಗೂ ಇದೆ. ನಮ್ಮ ರೋಹು, ಕಾಟ್ಲಾ, ಗೆಂಡೆ, ಬಾರ್ಬ್‌ಗಳಿಗೆ ಇಲ್ಲ. ಬೆಳ್ಳಿ ಬಣ್ಣದ ಸಣ್ಣ ಮೀನೊಂದು ಟೆಟ್ರಾನೋ ಬಾರ್ಬೋ ಅಂತ ಗೊಂದಲವಾದರೆ, ಈ ಬೆರಳುಗುರಿನಷ್ಟು ರೆಕ್ಕೆ ಸಾಕು.

ಬೆನ್ನಿನ ರೆಕ್ಕೆ ಒಂದೇ ಉದ್ದನೆಯದಾಗಿ, ಮುಂಭಾಗ ಮುಳ್ಳುಮುಳ್ಳಾಗಿ, ಹಿಂಭಾಗ ಮೆತ್ತಗಿದ್ದರೆ ಅದು ಸಿಕ್ಲಿಡ್ ಇರಬಹುದು. ಆಸ್ಕರ್, ಡಿಸ್ಕಸ್, ಏಂಜಲ್, ನಮ್ಮ ಕೆರೆಗಳಲ್ಲಿ ತುಂಬಿಕೊಂಡಿರುವ ಜಿಲೇಬಿ ಮೀನು, ಕೇರಳದ ಕರಿಮೀನು, ಎಲ್ಲ ಈ ಗುಂಪೇ. ಖಚಿತ ಮಾಡಿಕೊಳ್ಳಬೇಕಾದರೆ ಮೂಗು ನೋಡಿ. ಹೆಚ್ಚಿನ ಮೀನುಗಳಿಗೆ ಮೂತಿಯ ಒಂದೊಂದು ಪಕ್ಕದಲ್ಲೂ ಎರಡೆರಡು ಮೂಗಿನ ತೂತು. ಸಿಕ್ಲಿಡ್‌ಗೆ ಒಂದೊಂದೇ. ದೊಡ್ಡ ಆಸ್ಕರ್ ಗಾಜಿನ ಹತ್ತಿರ ಬಂದು ನಿಂತಾಗ ಇದು ಬರಿಗಣ್ಣಿಗೇ ಕಾಣುತ್ತದೆ.

ಕೊನೆಗೆ ಬಾಲ. ಕವಲಾಗಿದೆಯಾ, ದುಂಡಗಿದೆಯಾ, ನೇರವಾಗಿ ಕತ್ತರಿಸಿದಂತಿದೆಯಾ ಅಂತ ಬರೆದುಕೊಳ್ಳಿ.

ಬಣ್ಣವನ್ನು ಯಾಕೆ ಕೊನೆಗೆ ನೋಡಬೇಕು? ಎದ್ದು ಕಾಣುವುದೇ ಅದಲ್ವಾ?

ಎದ್ದು ಕಾಣುತ್ತದೆ, ಅದಕ್ಕೇ ದಾರಿ ತಪ್ಪಿಸುತ್ತದೆ. ತೊಟ್ಟಿಯ ಮೇಲೆ ನೀಲಿ ದೀಪ ಹಾಕಿದರೆ ಬಿಳಿ ಮೀನು ನೀಲಿಯಾಗಿ ಕಾಣುತ್ತದೆ. ಹೆದರಿದ ಮೀನಿನ ಬಣ್ಣ ನಿಮಿಷದಲ್ಲಿ ಮಾಸುತ್ತದೆ. ಮೊಟ್ಟೆಯಿಡುವ ಕಾಲದಲ್ಲಿ ಗಂಡಿನ ಬಣ್ಣ ಏರುತ್ತದೆ. ಸಾಕಿ ಬೆಳೆಸಿದ ಎಷ್ಟೋ ಮೀನುಗಳಲ್ಲಿ ಬಿಳಿಚು, ಹಳದಿ, ಕಪ್ಪು ತಳಿಗಳಿವೆ. ಬಿಳಿ ಆಸ್ಕರ್ ಕೂಡ ಆಸ್ಕರೇ.

ಇನ್ನೊಂದು ವಿಷಯ, ಹೇಳಲು ಬೇಸರವಾಗುತ್ತದೆ. ನಮ್ಮ ದೇಶದ ಗ್ಲಾಸ್‌ಫಿಶ್ ಎಂಬ ಪುಟ್ಟ ಮೀನಿನ ಮೈ ಪಾರದರ್ಶಕ, ಒಳಗಿನ ಮೂಳೆ ಕಾಣುತ್ತದೆ. ಅದಕ್ಕೆ ಸೂಜಿಯಿಂದ ಗುಲಾಬಿ, ಹಸಿರು ಬಣ್ಣ ಚುಚ್ಚಿ ಮಾರುವ ಪದ್ಧತಿ ಇದೆ. ಪಾರದರ್ಶಕ ಮೈ, ಬೆನ್ನಿನ ಮೇಲೆ ಮಾತ್ರ ಹೊಳೆಯುವ ಗೆರೆ ಕಂಡರೆ ಅದು ಹೊಸ ಪ್ರಭೇದವಲ್ಲ, ನೋವು ತಿಂದ ಗ್ಲಾಸ್‌ಫಿಶ್.

ಫೋಟೊ ಹೇಗೆ ತೆಗೆದರೆ ಗುರುತಿಸಲು ಸುಲಭ?

ಫ್ಲ್ಯಾಶ್ ಆಫ್ ಮಾಡಿ. ಗಾಜಿನಿಂದ ವಾಪಸ್ ಹೊಡೆಯುತ್ತದೆ, ಮೀನಿಗೂ ಗಾಬರಿ. ಫೋನನ್ನು ಗಾಜಿಗೆ ಆದಷ್ಟು ಹತ್ತಿರ, ನೇರವಾಗಿ ಹಿಡಿಯಿರಿ. ಓರೆಯಾಗಿ ಹಿಡಿದರೆ ಮೀನಿನ ಆಕಾರವೇ ಬದಲಾಗುತ್ತದೆ. ನಿಮ್ಮ ಬಟ್ಟೆ ಗಾಢ ಬಣ್ಣದ್ದಾದರೆ ಪ್ರತಿಬಿಂಬ ಕಡಿಮೆ.

ಒಂದು ಚೆಂದದ ಫೋಟೊಗಿಂತ ನಾಲ್ಕು ಸಾಧಾರಣ ಫೋಟೊ ಮೇಲು. ಇಡೀ ಮೈ ಪಕ್ಕದಿಂದ, ತಲೆ ಹತ್ತಿರದಿಂದ, ರೆಕ್ಕೆ ಬಿಚ್ಚಿದ ಹೊತ್ತು ಒಂದು, ಮತ್ತೆ ಬೋರ್ಡಿನದು ಒಂದು. ಮೀನು ನಿಲ್ಲುತ್ತಲೇ ಇಲ್ಲ ಅಂದರೆ ಅರ್ಧ ನಿಮಿಷ ವಿಡಿಯೊ ಮಾಡಿ. ಮನೆಗೆ ಬಂದು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಒಳ್ಳೆಯ ಒಂದು ನೋಟವಾದರೂ ಸಿಗುತ್ತದೆ. ವಿಡಿಯೊದಲ್ಲಿ ಈಜುವ ರೀತಿಯೂ ಸಿಗುತ್ತದೆ, ಅದು ಫೋಟೊದಲ್ಲಿ ಸಿಗದು.

ಗಾತ್ರ ಅಂದಾಜು ಮಾಡುವಾಗ ಜಾಗ್ರತೆ. ಗಾಜಿನಿಂದ ನಾಲ್ಕು ಅಡಿ ಒಳಗಿರುವ ಮೀನು ಮೂರೇ ಅಡಿ ಒಳಗಿದ್ದಂತೆ ಕಾಣುತ್ತದೆ. ಹಾಗಾಗಿ ದೊಡ್ಡದಾಗಿಯೂ ಕಾಣುತ್ತದೆ. ಬಾಗಿದ ಗಾಜಿನ ಸುರಂಗದಲ್ಲಂತೂ ಅಂದಾಜೇ ಬೇಡ.

ಫೋನಿನ ಆ್ಯಪ್ ಒಂದು ಹೆಸರು ಹೇಳಿತು. ನಂಬಬಹುದಾ?

ಸುಳಿವು ಅಂತ ತೆಗೆದುಕೊಳ್ಳಿ, ತೀರ್ಪು ಅಂತ ಅಲ್ಲ. ಗೂಗಲ್ ಲೆನ್ಸ್ ಒಟ್ಟಾರೆ ಹೋಲಿಕೆ ನೋಡುತ್ತದೆ. ಐನ್ಯಾಚುರಲಿಸ್ಟ್ ಎಂಬ ಆ್ಯಪ್ ಇನ್ನೂ ಉತ್ತಮ, ಜಗತ್ತಿನ ಮೀನು ಬಲ್ಲವರು ಅಲ್ಲಿ ನೋಡಿ ತಿದ್ದುತ್ತಾರೆ. ಆದರೆ ಅದು ಸಲಹೆ ಕೊಡುವಾಗ ನೀವಿರುವ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನೀವು ಬೆಂಗಳೂರಿನಲ್ಲಿ ನಿಂತಿದ್ದೀರಿ, ಮೀನು ಅಮೆಜಾನಿನದು. ಹತ್ತಿರದಲ್ಲಿ ಸಿಗುವ ಮೀನುಗಳನ್ನೇ ಅದು ಮುಂದೆ ತರುತ್ತದೆ. ಅಲ್ಲಿ ಫೋಟೊ ಹಾಕುವಾಗ ಇದು ಕಾಡಿನ ಜೀವಿಯಲ್ಲ, ಸಾಕಿದ್ದು ಎಂದು ತಪ್ಪದೆ ಗುರುತು ಹಾಕಿ. ಇಲ್ಲದಿದ್ದರೆ ಬೆಂಗಳೂರಿನಲ್ಲಿ ಪಿರಾನ್ಹಾ ಕಂಡಿತು ಅಂತ ದಾಖಲೆ ಉಳಿದುಬಿಡುತ್ತದೆ.

ಆ್ಯಪ್ ಕೊಟ್ಟ ಹೆಸರನ್ನು ಫಿಶ್‌ಬೇಸ್ ಎಂಬ ಜಾಲತಾಣದಲ್ಲಿ ಹಾಕಿ ನೋಡಿ. 35 ಸಾವಿರಕ್ಕೂ ಹೆಚ್ಚು ಪ್ರಭೇದಗಳ ವಿವರ ಅಲ್ಲಿ ಉಚಿತವಾಗಿ ಇದೆ. ಎಷ್ಟು ಉದ್ದ ಬೆಳೆಯುತ್ತದೆ, ಯಾವ ನದಿಯದು, ಬೆನ್ನಿನ ರೆಕ್ಕೆಯಲ್ಲಿ ಎಷ್ಟು ಮುಳ್ಳು, ಎಲ್ಲ ಇರುತ್ತದೆ. ನಿಮ್ಮ ಫೋಟೊಗೆ ಅದು ಹೊಂದುತ್ತಿಲ್ಲ ಅಂದರೆ ಆ್ಯಪ್ ಹೇಳಿದ್ದು ತಪ್ಪು.

ಗಾಜಿಗೆ ಬಾಯಿ ಅಂಟಿಸಿಕೊಂಡು ಕೂತಿರುವ ಕಪ್ಪು ಮೀನು ಯಾವುದು?

ಅಂಗಡಿಯವರು ಸಕರ್ ಅಥವಾ ಟ್ಯಾಂಕ್ ಕ್ಲೀನರ್ ಅನ್ನುತ್ತಾರೆ. ದಕ್ಷಿಣ ಅಮೆರಿಕದ ಕವಚವಿರುವ ಕ್ಯಾಟ್‌ಫಿಶ್. ಮೈಮೇಲೆ ಹುರುಪೆಯ ಬದಲು ಮೂಳೆಯ ಫಲಕಗಳು. ನಮ್ಮಲ್ಲಿ ಕಾಣುವುದು ಹೆಚ್ಚಾಗಿ ಟೆರಿಗಾಪ್ಲಿಕ್ತಿಸ್ ಗುಂಪಿನವು.

ಈ ಮೀನಿನ ಬಗ್ಗೆ ನನಗೆ ವಿಶೇಷ ಪ್ರೀತಿ, ಯಾಕೆಂದರೆ ಗುರುತಿನ ಚೀಟಿಯನ್ನು ತಾನೇ ತೋರಿಸುತ್ತಾ ಕೂತಿರುತ್ತದೆ. ಪ್ರಭೇದ ಬೇರ್ಪಡಿಸುವುದು ಹೊಟ್ಟೆಯ ಮೇಲಿನ ಚಿತ್ತಾರದಿಂದ. ನದಿಯಲ್ಲಿ ಹೊಟ್ಟೆ ನೋಡಬೇಕಾದರೆ ಹಿಡಿದು ಮಗುಚಬೇಕು. ಇಲ್ಲಿ ಗಾಜಿಗೆ ಅಂಟಿಕೊಂಡಿರುವುದೇ ಹೊಟ್ಟೆ. ಬಿಡಿಬಿಡಿ ಚುಕ್ಕಿಗಳಿದ್ದರೆ ಪಾರ್ಡಾಲಿಸ್. ಚುಕ್ಕಿಗಳು ಒಂದಕ್ಕೊಂದು ಸೇರಿ ಹುಳು ಹರಿದಾಡಿದ ಹಾಗೆ ಗೆರೆಗಳಾಗಿದ್ದರೆ ಡಿಸ್‌ಜಂಕ್ಟಿವಸ್. ಎರಡೂ ಬೆರೆತಂತಿದ್ದರೆ ಆಶ್ಚರ್ಯ ಬೇಡ, ಇವು ಒಂದಕ್ಕೊಂದು ಕೂಡಿ ಮಿಶ್ರ ತಳಿ ಆಗುತ್ತವೆ. ಆಗ ಟೆರಿಗಾಪ್ಲಿಕ್ತಿಸ್ ಅಂತಷ್ಟೇ ಬರೆದುಕೊಳ್ಳಿ. ಇನ್ನೂ ಒಂದು ಹೆಜ್ಜೆ ಹೋಗುವ ಆಸೆ ಇದ್ದರೆ, ಬೆನ್ನಿನ ರೆಕ್ಕೆ ಬಿಚ್ಚಿದಾಗ ಕಡ್ಡಿಗಳನ್ನು ಎಣಿಸಿ. ಏಳೇ ಕಡ್ಡಿ ಇದ್ದರೆ ಅದು ಹೈಪೋಸ್ಟೋಮಸ್ ಎಂಬ ಬೇರೆ ಗುಂಪು. ಟೆರಿಗಾಪ್ಲಿಕ್ತಿಸ್‌ಗೆ ಸಾಮಾನ್ಯವಾಗಿ ಹತ್ತೋ ಹೆಚ್ಚೋ ಇರುತ್ತವೆ, ಹಾಗಾಗಿ ರೆಕ್ಕೆ ಹಾಯಿಯ ಹಾಗೆ ಅಗಲ ಕಾಣುತ್ತದೆ.

'ಶಾರ್ಕ್' ಅಂತ ಬರೆದಿದ್ದರು. ಅಷ್ಟು ಸಣ್ಣ ತೊಟ್ಟಿಯಲ್ಲಿ ಶಾರ್ಕ್ ಇರುತ್ತದಾ?

ಸಿಹಿನೀರಿನ ತೊಟ್ಟಿಯಾದರೆ ಅದು ಶಾರ್ಕ್ ಅಲ್ಲ ಅಂತಲೇ ತಿಳಿಯಿರಿ. ಕಿವಿರು ನೋಡಿ. ನಿಜವಾದ ಶಾರ್ಕ್‌ಗೆ ಕಿವಿರಿನ ಮುಚ್ಚಳ ಇಲ್ಲ, ಪಕ್ಕದಲ್ಲಿ ಸಾಮಾನ್ಯವಾಗಿ ಐದು ಸೀಳು ಇರುತ್ತವೆ. ಮುಚ್ಚಳ ತೆರೆದು ಮುಚ್ಚುತ್ತಿದ್ದರೆ ಅದು ಮೂಳೆಮೀನು.

ನೀವು ನೋಡಿದ್ದು ಬೂದು ಮೈ, ಎತ್ತಿದ ಬೆನ್ನಿನ ರೆಕ್ಕೆ, ಸಣ್ಣ ಮೀಸೆ, ಸದಾ ಓಡಾಡುವ ಮೀನಾದರೆ ಪಂಗಾಸಿಯಸ್. ಆಗ್ನೇಯ ಏಷ್ಯಾದ ಮೆಕಾಂಗ್ ಮತ್ತು ಚಾವೊ ಫ್ರಾಯಾ ನದಿಗಳ ಕ್ಯಾಟ್‌ಫಿಶ್. ಹೋಟೆಲಿನಲ್ಲಿ ಬಾಸಾ ಅಂತ ಮುಳ್ಳಿಲ್ಲದ ಬಿಳಿ ತುಂಡು ಕೊಡುತ್ತಾರಲ್ಲ, ನಮ್ಮ ದೇಶದಲ್ಲಿ ಅದು ಬಹುಪಾಲು ಇದೇ ಮೀನು. ಬೆಳ್ಳಿ ಮೈ, ರೆಕ್ಕೆಗಳಿಗೆಲ್ಲ ಕಪ್ಪು ಅಂಚು ಇದ್ದರೆ ಬಾಲಾ ಶಾರ್ಕ್, ಅದು ನಮ್ಮ ಗೆಂಡೆಗಳ ನೆಂಟ.

ಉದ್ದ ಮೈ, ದೊಡ್ಡ ಹುರುಪೆ, ಗಂಭೀರವಾಗಿ ತೇಲುವ ಮೀನು. ಅರೋವಾನಾನಾ, ಅರಪೈಮಾನಾ?

ಗಲ್ಲ ನೋಡಿ. ಕೆಳದವಡೆಯ ತುದಿಯಲ್ಲಿ ಮುಂದಕ್ಕೆ ಚಾಚಿದ ಎರಡು ಮೀಸೆ ಇದ್ದರೆ ಅರೋವಾನಾ. ಬಾಯಿ ಮೇಲಕ್ಕೆ ಸೀಳಿದಂತಿರುತ್ತದೆ. ನೀರಿನ ಮೇಲಿನ ಕೊಂಬೆಯ ಹುಳುವನ್ನು ಹಾರಿ ಹಿಡಿಯುವ ಮೀನು ಅದು. ಅರಪೈಮಾಗೆ ಗಲ್ಲದ ಮೀಸೆ ಇಲ್ಲ. ತಲೆ ಚಪ್ಪಟೆ, ಬಾಲದ ಕಡೆಯ ಹುರುಪೆಗಳಿಗೆ ಕೆಂಪು ಅಂಚು.

ಸಂಶಯ ಉಳಿದರೆ ಸ್ವಲ್ಪ ಹೊತ್ತು ಕಾಯಿರಿ. ಅರಪೈಮಾ ಗಾಳಿ ಉಸಿರಾಡುವ ಮೀನು. ಹತ್ತು ಇಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಗಾಳಿ ನುಂಗಲೇಬೇಕು. ಆ ಸದ್ದು ಗಾಜಿನಾಚೆಯೂ ಕೇಳಿಸುವುದುಂಟು. ಎರಡು ಮೀಟರ್ ದಾಟಿ ಬೆಳೆಯುವ ಮೀನು ನಿಧಾನವಾಗಿ ಮೇಲೇರಿ, ಉಸಿರೆಳೆದು, ಮತ್ತೆ ಇಳಿಯುವುದನ್ನು ಒಮ್ಮೆ ನೋಡಿದವರು ಬೋರ್ಡ್ ಹುಡುಕುವುದಿಲ್ಲ.

ಅರೋವಾನಾದಲ್ಲೂ ಎರಡು ಬಗೆ ಹೆಚ್ಚಾಗಿ ಕಾಣುತ್ತವೆ. ಬೆನ್ನಿನ ರೆಕ್ಕೆ ಮೈನಡುವಿನಿಂದಲೇ ಶುರುವಾಗಿ ಬಾಲದವರೆಗೂ ಉದ್ದಕ್ಕೆ ಹೋಗಿದ್ದರೆ ಅಮೆಜಾನಿನ ಬೆಳ್ಳಿ ಅರೋವಾನಾ. ಬೆನ್ನಿನ ರೆಕ್ಕೆ ಗಿಡ್ಡವಾಗಿ ಹಿಂದಕ್ಕಿದ್ದು, ಹುರುಪೆ ಇನ್ನೂ ದೊಡ್ಡದಿದ್ದರೆ ಏಷ್ಯಾದ ಅರೋವಾನಾ. ಅದು ಕಾಡಿನಲ್ಲಿ ಅಳಿವಿನಂಚಿಗೆ ಬಂದಿರುವ ಮೀನು.

ಮೊಸಳೆಯ ಮೂತಿ ಇರುವ ಮೀನು?

ಅಲಿಗೇಟರ್ ಗಾರ್, ಉತ್ತರ ಅಮೆರಿಕದ್ದು. ಮೂತಿ ಅಗಲವಾಗಿ ಗಿಡ್ಡವಾಗಿದ್ದರೆ ಇದು, ಸೂಜಿಯ ಹಾಗೆ ತೆಳ್ಳಗೆ ಉದ್ದವಾಗಿದ್ದರೆ ಗಾರ್ ಗುಂಪಿನ ಬೇರೊಂದು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಸಿಕ್ಕಿ ಸುದ್ದಿಯಾಗಿದ್ದು ಇದೇ ಮೀನು.

ಚಾಕುವಿನ ಹಾಗೆ ಚಪ್ಪಟೆ, ಹಿಂದಕ್ಕೂ ಮುಂದಕ್ಕೂ ಒಂದೇ ಸಮ ಈಜುತ್ತದೆ. ಏನಿದು?

ನೈಫ್‌ಫಿಶ್. ಹೊಟ್ಟೆಯಡಿ ಉದ್ದಕ್ಕೂ ಒಂದೇ ರೆಕ್ಕೆ. ಅದನ್ನು ಸೀರೆಯ ಅಂಚು ಗಾಳಿಗೆ ಅಲೆದ ಹಾಗೆ ಅಲೆಯಾಡಿಸಿ ಚಲಿಸುತ್ತದೆ. ಅಲೆಯ ದಿಕ್ಕು ಬದಲಿಸಿದರೆ ಹಿಂದಕ್ಕೆ ಹೋಗುತ್ತದೆ.

ಬೆನ್ನು ನೋಡಿ. ಬೆನ್ನಿನ ಮೇಲೆ ಪುಟ್ಟ ಗರಿಯಂಥ ರೆಕ್ಕೆ ಇದ್ದರೆ ನಮ್ಮ ಏಷ್ಯಾ, ಆಫ್ರಿಕಾ ಕಡೆಯ ಗುಂಪು. ಅದರಲ್ಲೂ ಹೊಟ್ಟೆಯ ರೆಕ್ಕೆಯ ಮೇಲ್ಗಡೆ ಬಿಳಿ ಉಂಗುರದ ಕಪ್ಪು ಚುಕ್ಕಿಗಳು ಸಾಲಾಗಿದ್ದರೆ ಕ್ಲೌನ್ ನೈಫ್‌ಫಿಶ್, ಆಗ್ನೇಯ ಏಷ್ಯಾದ್ದು. ಇದೇ ಗುಂಪಿನ, ಚುಕ್ಕಿಯಿಲ್ಲದ ಸಣ್ಣ ಮೀನು ನಮ್ಮ ನದಿ, ಜಲಾಶಯಗಳಲ್ಲೇ ಇದೆ. ಕೆಲವು ಕಡೆ ಚಪ್ಪಲಿ ಮೀನು ಅನ್ನುತ್ತಾರೆ, ಆಕಾರ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಬೆನ್ನಿನ ಮೇಲೆ ರೆಕ್ಕೆಯೇ ಇಲ್ಲದೆ, ಮೈಯೆಲ್ಲ ಕಡುಕಪ್ಪಾಗಿ, ಬಾಲದ ಬಳಿ ಎರಡು ಬಿಳಿ ಪಟ್ಟಿ ಇದ್ದರೆ ಬ್ಲ್ಯಾಕ್ ಘೋಸ್ಟ್. ಅದು ದಕ್ಷಿಣ ಅಮೆರಿಕದ್ದು, ನಮ್ಮದಕ್ಕೆ ಹತ್ತಿರದ ಸಂಬಂಧವೇ ಇಲ್ಲ. ಮೈಯಿಂದ ಸಣ್ಣ ವಿದ್ಯುತ್ ಹೊಮ್ಮಿಸಿ ಕತ್ತಲಲ್ಲಿ ದಾರಿ ಕಂಡುಕೊಳ್ಳುತ್ತದೆ. ಬೇರೆ ಬೇರೆ ಖಂಡಗಳಲ್ಲಿ, ಎರಡು ಬೇರೆ ಮನೆತನದಲ್ಲಿ, ಒಂದೇ ಥರದ ಈಜು ಬಂದಿದೆ. ನನಗಂತೂ ಇದು ಪ್ರತಿ ಸಲವೂ ಅಚ್ಚರಿಯೇ.

ತಲೆಯ ಮೇಲೆ ದೊಡ್ಡ ಉಬ್ಬು ಇರುವ ಕೆಂಪು ಮೀನು ಯಾವ ದೇಶದ್ದು?

ಯಾವ ನದಿಯದೂ ಅಲ್ಲ. ಅದು ಫ್ಲವರ್‌ಹಾರ್ನ್. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಸಿಕ್ಲಿಡ್‌ಗಳನ್ನು ಕೂಡಿಸಿ ಮಾಡಿದ ತಳಿ. ಹಾಗಾಗಿ ಅದಕ್ಕೆ ಒಂದು ಪ್ರಭೇದದ ಹೆಸರು ಇಲ್ಲ. ಕಿತ್ತಳೆ ಬಣ್ಣದ, ಬಾಯಿ ಸರಿಯಾಗಿ ಮುಚ್ಚಲಾಗದ ಬ್ಲಡ್ ಪ್ಯಾರಟ್ ಕೂಡ ಹೀಗೇ, ಮನುಷ್ಯ ಮಾಡಿದ್ದು. ಇಂಥವನ್ನು ಗುರುತಿಸಲು ಹೋಗಿ ಫಿಶ್‌ಬೇಸ್‌ನಲ್ಲಿ ಗಂಟೆಗಟ್ಟಲೆ ಹುಡುಕಿದವರು ನನಗೆ ಗೊತ್ತು. ತಳಿಯ ಹೆಸರು ಬರೆದು ಮುಂದಿನ ತೊಟ್ಟಿಗೆ ಹೋಗಿ.

ಸಮುದ್ರದ ತೊಟ್ಟಿಯಲ್ಲಿ ಎಲ್ಲವೂ ಪಟ್ಟೆ ಪಟ್ಟೆ. ಹೇಗೆ ಬೇರ್ಪಡಿಸುವುದು?

ಇಲ್ಲಿ ಜೋಡಿ ಜೋಡಿಯಾಗಿ ಕಲಿಯುವುದು ಒಳ್ಳೆಯದು. ಕಪ್ಪು, ಬಿಳಿ, ಹಳದಿ ಪಟ್ಟೆ, ಬೆನ್ನಿನಿಂದ ಬಾವುಟದ ಹಾಗೆ ಉದ್ದ ಎಳೆ. ಬಾಲ ಹಳದಿಯಾದರೆ ಬ್ಯಾನರ್‌ಫಿಶ್. ಬಾಲ ಕಪ್ಪಾದರೆ ಮೂರಿಶ್ ಐಡಲ್. ಇಲ್ಲಿ ಮಾತ್ರ ಬಣ್ಣವನ್ನು ನಂಬಬಹುದು.

ಮರಿಗಳು ಇನ್ನೂ ಕಷ್ಟ. ಎಂಪರರ್ ಏಂಜಲ್‌ಫಿಶ್ ಮರಿಯ ಮೈ ಕಡುನೀಲಿ, ಅದರ ಮೇಲೆ ಒಂದರೊಳಗೊಂದು ಬಿಳಿ ಸುತ್ತು. ದೊಡ್ಡದಾದಾಗ ಹಳದಿ ನೀಲಿ ಅಡ್ಡಗೆರೆ. ಬಹಳ ಕಾಲ ಇವೆರಡೂ ಬೇರೆ ಪ್ರಭೇದ ಅಂತಲೇ ವಿಜ್ಞಾನಿಗಳು ಎಣಿಸಿದ್ದರು.

ಬೇರೆ ಮೀನುಗಳ ಮೈ ಶುಚಿ ಮಾಡುವ ನೀಲಿ ಗೆರೆಯ ಪುಟ್ಟ ಮೀನು ಗೊತ್ತಿರಬಹುದು, ಕ್ಲೀನರ್ ರಾಸ್. ಅದರ ವೇಷ ಹಾಕಿಕೊಂಡು ಹತ್ತಿರ ಬಂದು ರೆಕ್ಕೆ ಕಚ್ಚಿ ಓಡುವ ಬ್ಲೆನಿ ಎಂಬ ಮೀನೊಂದಿದೆ. ಬಣ್ಣ, ಗೆರೆ, ಗಾತ್ರ ಎಲ್ಲ ಒಂದೇ. ಬಾಯಿ ಮಾತ್ರ ಬೇರೆ. ನಿಜವಾದದ್ದಕ್ಕೆ ಮೂತಿಯ ತುದಿಯಲ್ಲಿ, ವೇಷಧಾರಿಗೆ ಮೂತಿಯ ಕೆಳಗೆ.

ನಮ್ಮ ಕರ್ನಾಟಕದ ಮೀನುಗಳೂ ಈ ತೊಟ್ಟಿಗಳಲ್ಲಿ ಇರುತ್ತವಾ?

ಇರುತ್ತವೆ, ಆದರೆ ಜನ ಅವನ್ನು ದಾಟಿ ಹೋಗುತ್ತಾರೆ. ಬೆಳ್ಳಿ ಮೈ, ಉದ್ದಕ್ಕೆ ಕಪ್ಪು ಪಟ್ಟಿ, ಅದರ ಮೇಲೆ ಮೂತಿಯಿಂದ ಅರ್ಧ ಮೈವರೆಗೆ ಕೆಂಪು ಗೆರೆ, ಬಾಲದ ಎರಡೂ ತುದಿಗೆ ಹಳದಿ ಕಪ್ಪು. ಇದು ಡೆನಿಸನ್ ಬಾರ್ಬ್, ಅಂಗಡಿಯಲ್ಲಿ ಮಿಸ್ ಕೇರಳ. ಕೇರಳ ಮತ್ತು ಕರ್ನಾಟಕದ ಪಶ್ಚಿಮ ಘಟ್ಟದ ತೊರೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಕಾಡಿನಲ್ಲಿ ಇದರ ಸ್ಥಿತಿ ಚೆನ್ನಾಗಿಲ್ಲ, ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದದ್ದೂ ಅದಕ್ಕೆ ಒಂದು ಕಾರಣ. ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಮಚ್ಚೆ ಇದ್ದರೆ ಇನ್ನೊಮ್ಮೆ ನೋಡಿ. ಅದು ಕೇರಳದ ಚಾಲಕ್ಕುಡಿ ನದಿಯ ಹೆಸರಿನ ಸೋದರ ಪ್ರಭೇದ ಇರಬಹುದು.

ಇನ್ನೊಂದು ಮಹಶೀರ್. ದೊಡ್ಡ ಹುರುಪೆ, ದಪ್ಪ ತುಟಿ, ಎರಡು ಜೊತೆ ಮೀಸೆ. ಕಾವೇರಿಯ ಬೆನ್ನುಬ್ಬಿದ ಮಹಶೀರ್‌ಗೆ ನದಿ ದಂಡೆಯವರು ಬಿಳಿಮೀನು ಅನ್ನುತ್ತಾರೆ. ಒಂದೂವರೆ ಶತಮಾನದಿಂದ ಗಾಳ ಹಾಕುವವರಿಗೆ ಚೆನ್ನಾಗಿ ಗೊತ್ತಿದ್ದ ಈ ಮೀನಿನ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ನಿರ್ಧಾರವಾಗಿದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಕೊನೆಯ ಅಂಚಿಗೆ ಬಂದಿತ್ತು. ಮಹಶೀರ್ ಗುಂಪಿನ ಮೀನು ನೋಡಿ ಕಣ್ಣು ಪಳಗಿಸಿಕೊಳ್ಳಲು ಅಕ್ವೇರಿಯಂಗಿಂತ ಒಳ್ಳೆಯ ಜಾಗ ಶೃಂಗೇರಿಯ ತುಂಗಾ ತೀರ. ಮೆಟ್ಟಿಲ ಮೇಲೆ ಕೂತರೆ ಮೀಸೆ, ತುಟಿ, ಹುರುಪೆಯ ಅಂಚು ಎಲ್ಲವನ್ನೂ ಒಂದು ಅಡಿ ದೂರದಿಂದ ನೋಡಬಹುದು.

ವೈಜ್ಞಾನಿಕ ಹೆಸರೇ ಬೇಕಾ? ಕನ್ನಡ ಹೆಸರು ಸಾಲದಾ?

ಕನ್ನಡ ಹೆಸರು ಖಂಡಿತ ಬರೆದುಕೊಳ್ಳಿ, ಯಾವ ಊರಲ್ಲಿ ಕೇಳಿದ್ದು ಅಂತಲೂ ಬರೆಯಿರಿ. ಮಂಗಳೂರಿನ ಬೂತಾಯಿ ಕಾರವಾರದಲ್ಲಿ ತಾರ್ಲೆ. ಮೀನು ಒಂದೇ. ಹೊರದೇಶದ ಮೀನುಗಳಿಗಂತೂ ಕನ್ನಡ ಹೆಸರೇ ಇರುವುದಿಲ್ಲ. ಅದಕ್ಕೆ ಜೊತೆಯಲ್ಲಿ ವೈಜ್ಞಾನಿಕ ಹೆಸರು ಬೇಕು. ಅದೂ ಆಗಾಗ ಬದಲಾಗುತ್ತದೆ. ಡೆನಿಸನ್ ಬಾರ್ಬ್ ಮೊದಲು ಪುಂಟಿಯಸ್ ಆಗಿತ್ತು, 2013ರಿಂದ ಸಹ್ಯಾದ್ರಿಯಾ. ನಮ್ಮ ಬೆಟ್ಟದ ಹೆಸರು ಅದಕ್ಕೆ ಬಂತು ಅಂತ ನನಗೆ ಖುಷಿ. ಹಳೆಯ ಬೋರ್ಡಿನಲ್ಲಿ ಹಳೆಯ ಹೆಸರಿದ್ದರೆ ಅದು ತಪ್ಪಲ್ಲ, ಹಳತು ಅಷ್ಟೇ.

ಎಷ್ಟು ನೋಡಿದರೂ ಪ್ರಭೇದ ಗೊತ್ತಾಗಲಿಲ್ಲ. ಏನು ಮಾಡಲಿ?

ಎಲ್ಲಿವರೆಗೆ ಖಚಿತವೋ ಅಲ್ಲಿಗೆ ನಿಲ್ಲಿಸಿ. 'ಸಿಕ್ಲಿಡ್, ಪ್ರಭೇದ ತಿಳಿಯದು' ಎಂದು ಬರೆದರೆ ಅದು ಸರಿಯಾದ ಉತ್ತರ. ಊಹೆ ಮಾಡಿ ಪೂರ್ತಿ ಹೆಸರು ಬರೆದರೆ ಅದು ತಪ್ಪು ಉತ್ತರ ಆಗಬಹುದು. ಮೀನುಗಳು 36 ಸಾವಿರ ಪ್ರಭೇದಕ್ಕಿಂತ ಹೆಚ್ಚಿವೆ. ಗಾಜಿನಾಚೆಯಿಂದ ನೋಡಿ ಎಲ್ಲವನ್ನೂ ಹೆಸರು ಹಿಡಿದು ಕರೆಯಲು ಯಾರಿಂದಲೂ ಆಗುವುದಿಲ್ಲ.

ಬೋರ್ಡ್ ತಪ್ಪಿದೆ ಅಂತ ಖಾತ್ರಿಯಾದರೆ ಯಾರಿಗೆ ಹೇಳಬೇಕು?

ಅಲ್ಲಿ ಮೀನಿಗೆ ತಿಂಡಿ ಹಾಕುವವರಿಗೆ ಮೊದಲು ಹೇಳಿ. ಅವರಿಗೆ ಮೀನು ಎಲ್ಲಿಂದ ಬಂತು, ಯಾವಾಗ ಬಂತು ಎಲ್ಲ ಗೊತ್ತಿರುತ್ತದೆ. ಎಷ್ಟೋ ಸಲ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. "ಅಣ್ಣಾ, ಇದು ಪಾಕು ಅಲ್ವಾ?" ಅಂತ ಕೇಳುವ ಧಾಟಿಯಲ್ಲಿ ಹೇಳಿದರೆ ಮಾತು ಬೆಳೆಯುತ್ತದೆ. ನಾವು ಹೋಗಿದ್ದ ಕಡೆ ಆ ಸಿಬ್ಬಂದಿ ನಕ್ಕು, "ಹೌದಮ್ಮ, ಪಿರಾನ್ಹಾ ಹೋಗಿ ವರ್ಷ ಆಯ್ತು, ಬೋರ್ಡ್ ಉಳಿದಿದೆ" ಎಂದರು. ಆಮೇಲೆ ಇನ್ನೊಂದು ಹಿಡಿ ಗುಳಿಗೆ ತಂದು, ಹುಡುಗಿಗೆ ಹಲ್ಲು ಕಾಣುವ ಹಾಗೆ ಗಾಜಿನ ಪಕ್ಕದಲ್ಲೇ ಹಾಕಿದರು.

ಹೆಸರು ಗೊತ್ತಾಯಿತು. ಈ ಮೀನನ್ನು ಮನೆಯಲ್ಲಿ ಸಾಕಬಹುದಾ?

ಮೊದಲು ಅದು ಎಷ್ಟು ಉದ್ದ ಬೆಳೆಯುತ್ತದೆ ಅಂತ ನೋಡಿ. ಅಂಗಡಿಯಲ್ಲಿ ಮೂರು ಇಂಚಿನ ಕೆಂಪು ಬಾಲದ ಕ್ಯಾಟ್‌ಫಿಶ್ ಸಿಗುತ್ತದೆ. ಅದು ಬೆಳೆದರೆ ಒಂದು ಮೀಟರ್ ದಾಟುತ್ತದೆ. ಗಾರ್, ಪಾಕು, ಪಂಗಾಸಿಯಸ್ ಕಥೆಯೂ ಇದೇ. ಮನೆಯ ತೊಟ್ಟಿಯಲ್ಲಿ ಹಿಡಿಸದೆ ಹೋದಾಗ ಜನ ಹತ್ತಿರದ ಕೆರೆಗೆ ಬಿಟ್ಟು, ಪುಣ್ಯ ಬಂತು ಅಂದುಕೊಳ್ಳುತ್ತಾರೆ. ದಯವಿಟ್ಟು ಬಿಡಬೇಡಿ. ಸಕರ್ ಮೀನು ಹೀಗೇ ನಮ್ಮ ದೇಶದ ಎಷ್ಟೋ ಕೆರೆ, ನದಿಗಳಿಗೆ ಸೇರಿದೆ. 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲೂ ಸಿಕ್ಕಿತು. ಅದು ದಡದ ಮಣ್ಣು ಕೊರೆದು ಬಿಲ ಮಾಡುತ್ತದೆ, ಬಲೆಗೆ ಸಿಕ್ಕರೆ ಮುಳ್ಳಿನಿಂದ ಬಲೆ ಹರಿಯುತ್ತದೆ. ತಿನ್ನುವವರೂ ಕಡಿಮೆ. ನಷ್ಟವೆಲ್ಲ ಮೀನುಗಾರನಿಗೆ. ಸಾಕಲು ಆಗದಿದ್ದರೆ ಕೊಂಡ ಅಂಗಡಿಗೇ ವಾಪಸ್ ಕೊಡಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ.

ಮಕ್ಕಳನ್ನು ಕರೆದುಕೊಂಡು ಹೋಗುವಾಗ ಏನು ಒಯ್ಯಬೇಕು?

ಒಂದು ಪೆನ್ಸಿಲ್, ಗೆರೆಯಿಲ್ಲದ ಪುಸ್ತಕ. ಎಲ್ಲ ತೊಟ್ಟಿ ಮುಗಿಸುವ ಆತುರ ಬೇಡ, ಮೂರು ಮೀನು ಆರಿಸಿಕೊಳ್ಳಲಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಬಾಯಿ ಎತ್ತ ತಿರುಗಿದೆ, ಬೆನ್ನಿನಲ್ಲಿ ರೆಕ್ಕೆ ಎಷ್ಟು, ಮೀಸೆ ಎಷ್ಟು, ಬಾಲ ಯಾವ ಆಕಾರ, ಇಷ್ಟು ಬರೆಯಲಿ. ಬಣ್ಣದ ಪೆನ್ಸಿಲ್ ಮನೆಯಲ್ಲೇ ಇರಲಿ. ನಮ್ಮ ಹುಡುಗಿಯ ಪುಸ್ತಕದಲ್ಲಿ ಈಗ ನಲವತ್ತೊಂದು ಮೀನು ಇವೆ. ಅದರಲ್ಲಿ ಹನ್ನೆರಡರ ಮುಂದೆ ಇನ್ನೂ ಹೆಸರಿಲ್ಲ, ಜಾಗ ಖಾಲಿ ಬಿಟ್ಟಿದ್ದಾಳೆ.